ಪದಚರ್ಚೆ: ಬಣ್ಣ ಹಚ್ಚದೇ ಇರೋ ಬೊಂಬೆ 'ಕಾಯಿ' ಅಲ್ವಾ?

ಎಲ್ಲರಿಗೂ ನಮಸ್ಕಾರ, ತುಮಕೂರಿಂದ ಒಂದು ಅನುಮಾನ, ಸ್ವಲ್ಪ ಉದ್ದ ಆಯ್ತು, ಬೈಕೋಬೇಡಿ.

ನಂಗೆ ಮಿನಿಯೇಚರ್ ಬೋರ್ಡ್ ಗೇಮ್ ಹುಚ್ಚು. ಹೆಬ್ಬೆರಳಿನ ಮೇಲಿನ ಗೆಣ್ಣಷ್ಟು ಎತ್ತರದ, 28ರಿಂದ 32 ಮಿಲಿಮೀಟರ್ ಪ್ಲಾಸ್ಟಿಕ್ ಬೊಂಬೆಗಳು, ಹೆಚ್ಚಿನವು ಡಬ್ಬಿಯಿಂದ ಬೂದು ಬಣ್ಣದಲ್ಲೇ ಬರ್ತವೆ, ಬೇಕಾದ್ರೆ ನಾವೇ ಬಣ್ಣ ಹಚ್ಕೋಬೇಕು. ಭಾನುವಾರ ಅಕ್ಕನ ಮಕ್ಕಳನ್ನ ಕೂರಿಸ್ಕೊಂಡು ಜಾಂಬಿಸೈಡ್ ಆಡ್ತೀವಿ, ಅದರಲ್ಲಿ ಆಡೋರೆಲ್ಲ ಒಂದೇ ಕಡೆ, ಎದುರಿಗಿರೋ ಜಾಂಬಿಗಳು (ಎದ್ದು ಓಡಾಡೋ ಹೆಣಗಳು) ಆಟದ ನಿಯಮದ ಪ್ರಕಾರ ತಾವೇ ಬರ್ತವೆ, ಹಂಗಾಗಿ ಮನೇಲಿ ಜಗಳ ಕಮ್ಮಿ. ಖುಷಿಯಾಗಿ ಒಂದು ಫೋಟೋ ಆನ್‌ಲೈನ್ ಗ್ರೂಪಿಗೆ ಹಾಕ್ದೆ ನೋಡಿ, ಶುರುವಾಯ್ತು. ಬೂದು ಪ್ಲಾಸ್ಟಿಕ್ ಇಟ್ಕೊಂಡು ಆಡೋದು ಒಂದು ಆಟಾನಾ ಅಂತ ಒಬ್ಬ, ಹಚ್ಚಿರೋ ಎರಡಕ್ಕೆ ಸುಣ್ಣ ಬಳಿದಂಗೈತೆ ಅಂತ ಇನ್ನೊಬ್ಬ. (ಸುಣ್ಣದ ಮಾತು ನಿಜಾನೇ, ಬಣ್ಣಕ್ಕೆ ನೀರು ಬೆರೆಸಿರ್ಲಿಲ್ಲ, ಕಣ್ಣು ಮೂಗು ಎಲ್ಲಾ ಮುಚ್ಚೋಗಿತ್ತು.) ವಾರ್‌ಹ್ಯಾಮರ್ 40,000 ಅನ್ನೋ ಬೊಂಬೆ ಸೈನ್ಯದ ಯುದ್ಧದಾಟದಲ್ಲಿ 2020ರ ಆವೃತ್ತಿಯಿಂದ ಪೂರ್ತಿ ಬಣ್ಣ ಹಚ್ಚಿದ ಸೈನ್ಯಕ್ಕೆ 100ರಲ್ಲಿ 10 ಅಂಕ ಐತಲ್ಲ, ಅದನ್ನೂ ಒಬ್ರು ತಂದು ಒಪ್ಪಿಸಿದ್ರು. ಸರಿ ಸ್ವಾಮಿ, ಅದು ಆ ಆಟದ ಕಾನೂನು, ನಮ್ಮ ಜಾಂಬಿಗೆ ಯಾಕೆ? ನಾನಂತೂ ಈ ಥರ ಮಾತಿಗೆ 'ಕ್ಯಾತೆ' ಅಂತೀನಿ, ಗೆಳೆಯ 'ಕೊಂಕು' ಅಂತಾನೆ, ನಂಗ್ಯಾಕೋ ಕೊಂಕು ಸ್ವಲ್ಪ ನಾಜೂಕಾಯ್ತು ಅನ್ಸುತ್ತೆ. (ಕ್ಯಾತ್ಸಂದ್ರದವನು ನಾನು, ಕ್ಯಾತೆಗೂ ನಮ್ಮೂರಿಗೂ ಸಂಬಂಧ ಕಟ್ಬೇಡಿ.)

ಈಗ ಅನುಮಾನಕ್ಕೆ ಬರ್ತೀನಿ. ಅಜ್ಜಿ ಜೊತೆ ಚೌಕಾಬಾರ ಆಡುವಾಗ ಹುಣಸೆಬೀಜ, ಬಳೆಚೂರು, ಇದ್ದಿಲು, ಕೈಗೆ ಸಿಕ್ಕಿದ್ದೆಲ್ಲ 'ಕಾಯಿ'ನೇ. ಒಂದ್ಸಲ ನನ್ನ ಕಾಯಿ ಹುರುಗಡಲೆ ಆಗಿತ್ತು, ನಾನು ಕವಡೆ ಹಾಕೋಷ್ಟರಲ್ಲಿ ತಮ್ಮ ಅದನ್ನ ಬಾಯಿಗೆ ಹಾಕ್ಕೊಂಡ. ಅಜ್ಜಿ ಇನ್ನೊಂದು ಕಡಲೆ ತಗೊಂಡು ಅದೇ ಮನೇಲಿಟ್ಟು "ಇದೇ ಅದು, ಆಡು" ಅಂದ್ರು. ಅಷ್ಟೇ. ಹಂಗಾದ್ರೆ ಈ ಬೊಂಬೆಗಳಿಗೂ ಬಣ್ಣ ಇರ್ಲಿ ಬಿಡ್ಲಿ 'ಕಾಯಿ' ಅನ್ನಬಹುದಾ, ಅಥವಾ ಕೈ ಕಾಲು ಮುಖ ಇರೋದಕ್ಕೆ ಆ ಪದ ಒಗ್ಗಲ್ವಾ? ಇನ್ನೊಂದು, ಕಾಯಿ ನಡುಮನೆ ಮುಟ್ಟಿದ್ರೆ ನಮ್ಮಲ್ಲಿ 'ಹಣ್ಣಾಯ್ತು' ಅಂತೀವಿ. ಬಣ್ಣ ಹಚ್ಚಿ ಮುಗಿಸಿದ್ದಕ್ಕೆ ಅಕ್ಕನ ಮಗಳು ತಾನಾಗೇ "ಮಾಮ, ಇದು ಹಣ್ಣಾಯ್ತು" ಅಂದ್ಳು, ನಂಗೆ ಭಾರಿ ಇಷ್ಟ ಆಯ್ತು, ಆದ್ರೆ ಎರಡೂ ಅರ್ಥಕ್ಕೆ ಒಂದೇ ಪದ ಆದ್ರೆ ಆಟದ ಮಧ್ಯೆ ಗೊಂದಲ ಆಗಲ್ವಾ?

ಕೊನೇದು. ತಗೊಂಡು ಬಣ್ಣ ಹಚ್ಚದೇ ಪೇರಿಸಿಟ್ಟಿರೋ ರಾಶಿಗೆ ಇಂಗ್ಲಿಷಿನೋರು ಪೈಲ್ ಆಫ್ ಶೇಮ್ ಅಂತಾರೆ. ನಾಚಿಕೆ ರಾಶಿ ಅಂತ ಮಾಡಿದ್ರೆ ಕೇಳಕ್ಕೇ ಆಗಲ್ಲ. ನಮ್ಮಮ್ಮ ಮನೇಲಿ ಹೊಲಿಗೆ ಹಾಕ್ತಾರೆ, ಹೊಲಿಯಕ್ಕಿರೋ ಬ್ಲೌಸ್ ಪೀಸ್ ಎಣಿಸೋ ದನೀಲೇ ನನ್ನ ಶೆಲ್ಫ್ ನೋಡಿ "ಇನ್ನೂ ಎಷ್ಟೋ ಬಾಕಿ?" ಅಂದ್ರು. ನಂಗೆ 'ಬಾಕಿ' ಸಾಕು ಅನ್ಸಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯೋರು ಬೇರೆ ಪದ ಇದ್ರೆ ಹೇಳಿ, ಜೊತೆಗೆ ನಿಮ್ಮಲ್ಲೂ ಕಾಯಿ ಹಣ್ಣಾಗುತ್ತಾ ಅಂತಾನೂ.