ಸಹಾಯ ಬೇಕು: ಒಂದರ ನಂತರ ಒಂದಾಗಿ ಜಾರಿಯಾಗುವ ಶಿಕ್ಷೆಗಳ ವಿರುದ್ಧ ಮೇಲ್ಮನವಿ

ಪುಣೆಯ ಕನ್ನಡ ಬಾಂಧವರಿಗೆ ನಮಸ್ಕಾರಗಳು. ನನ್ನ ಚಿಕ್ಕಪ್ಪನ ಮಗನಿಗೆ ಇಲ್ಲಿನ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯವು ಒಂದೇ ವಿಚಾರಣೆಯಲ್ಲಿ ವಂಚನೆಗೆ 3 ವರ್ಷ, ನಕಲಿ ದಾಖಲೆ ಸೃಷ್ಟಿಸಿದ್ದಕ್ಕೆ 2 ವರ್ಷ, ಅದನ್ನು ಬಳಸಿದ್ದಕ್ಕೆ 2 ವರ್ಷ ಶಿಕ್ಷೆ ವಿಧಿಸಿದೆ. ಮರಾಠಿ ತೀರ್ಪಿನ ಕೊನೆಯ ಪುಟದಲ್ಲಿ ಮೂರೂ ಶಿಕ್ಷೆಗಳು ಒಂದರ ನಂತರ ಒಂದು ಜಾರಿಯಾಗಬೇಕೆಂದು ಬರೆದಿದೆ, ಕಾರಣ ಮಾತ್ರ ಒಂದು ಸಾಲೂ ಇಲ್ಲ.

ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 31ನೇ ಕಲಂ ಪ್ರಕಾರ ಇಂತಹ ಶಿಕ್ಷೆಗಳ ಒಟ್ಟು ಅವಧಿ 14 ವರ್ಷ ಮೀರುವಂತಿರಲಿಲ್ಲ; 2024ರಿಂದ ಅದರ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 25ನೇ ಕಲಂನಲ್ಲಿ ಈ ಮಿತಿ 20 ವರ್ಷ. ಅಷ್ಟೇ ಅಲ್ಲ, ಎರಡೂ ಸಂಹಿತೆಗಳ ಪ್ರಕಾರ ಶಿಕ್ಷೆ ವಿಧಿಸುವ ನ್ಯಾಯಾಲಯವು ಒಂದು ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಯ ಎರಡು ಪಟ್ಟನ್ನೂ ದಾಟುವಂತಿಲ್ಲ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ 3 ವರ್ಷಕ್ಕೆ ಸೀಮಿತವಾದ್ದರಿಂದ ಒಟ್ಟು 6 ವರ್ಷವೇ ಮಿತಿಯಾಗಬೇಕು, ಇಲ್ಲಿ 7 ಆಗಿದೆ. ಅಪರಾಧ ನಿರ್ಣಯವನ್ನು ಪ್ರಶ್ನಿಸುವುದರ ಜೊತೆಗೆ ಈ ಅಂಶವನ್ನು ಪ್ರತ್ಯೇಕ ಆಧಾರವಾಗಿ ಎತ್ತಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನಗಳ ಗಡುವಿದ್ದು, ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ಹಿಡಿದ ಸಮಯವನ್ನು ಆ 30 ದಿನಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ, ಅದಕ್ಕೂ ಅರ್ಜಿ ಕೊಡುತ್ತಿದ್ದೇವೆ. ಆದರೂ ಶಿವಾಜಿನಗರದ ಕೋರ್ಟಿನಲ್ಲಿ ಕ್ರಿಮಿನಲ್ ಮೇಲ್ಮನವಿಗಳನ್ನು ನಡೆಸಿದ ಅನುಭವವಿರುವ, ವಿಜಯಪುರದಿಂದ ಬಂದಿರುವ ನಮ್ಮ ಚಿಕ್ಕಮ್ಮನಿಗೆ ಕನ್ನಡದಲ್ಲೇ ವಿಷಯ ತಿಳಿಸಿ ಹೇಳಬಲ್ಲ ವಕೀಲರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಡಿಸಿ ಜಾಮೀನು ಪಡೆದವರ ಅನುಭವವೂ ನಮಗೆ ಬಹಳ ಉಪಯೋಗವಾಗುತ್ತದೆ.