‘ಸ್ಕ್ರಬ್ಬರ್’: ಸೋಸುವುದೋ, ಹೀರುವುದೋ, ಹಿಡಿಯುವುದೋ?

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ, ಚಂದ್ರನತ್ತ ಹೊರಟು ದಾರಿಯಲ್ಲಿ ಕೆಟ್ಟ ಅಮೆರಿಕದ ನೌಕೆ ಅಪೊಲೊ 13ರ ಬಗ್ಗೆ ಬರೆಯಲು ಕೂತು ಒಂದೇ ಪದಕ್ಕೆ ಎರಡು ದಿನದಿಂದ ಸಿಕ್ಕಿಕೊಂಡಿದ್ದೇನೆ. ನೌಕೆಯ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆಯುವ ಸಾಧನಕ್ಕೆ ಇಂಗ್ಲಿಷಿನಲ್ಲಿ ಸ್ಕ್ರಬ್ಬರ್ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಸ್ಕ್ರಬ್ಬರ್ ಅಂದರೆ ಪಾತ್ರೆ ಉಜ್ಜುವ ಸ್ಟೀಲ್ ನಾರು. ಹಾಗೇ ಬಿಟ್ಟರೆ ಗಗನಯಾತ್ರಿಗಳು ಪಾತ್ರೆ ತಿಕ್ಕುತ್ತಿದ್ದರು ಅಂದುಕೊಳ್ಳುತ್ತಾರೆ.

ಮೊದಲು ‘ಸೋಸುಕ’ ಅಂತ ಬರೆದೆ. ಆದರೆ ಇಲ್ಲಿ ಸೋಸುವ ಕೆಲಸವೇ ಇಲ್ಲ, ಅಲ್ವಾ? ಟೀ ಸೋಸಿದರೆ ಚರಟ ಜಾಲರಿಯಲ್ಲಿ ಚರಟವಾಗಿಯೇ ಉಳಿಯುತ್ತದೆ. ಅಪೊಲೊ ಡಬ್ಬಿಯಲ್ಲಿದ್ದದ್ದು ಲಿಥಿಯಂ ಹೈಡ್ರಾಕ್ಸೈಡ್. ಅದು ಈ ಅನಿಲದ ಜೊತೆ ಕೂಡಿ ಲಿಥಿಯಂ ಕಾರ್ಬೊನೇಟ್ ಆಗಿಬಿಡುತ್ತದೆ, ಒಂದಿಷ್ಟು ನೀರೂ ಬರುತ್ತದೆ. ಗೋಡೆಗೆ ಬಳಿದ ಸುಣ್ಣ ಗಾಳಿ ಕುಡಿದು ಗಟ್ಟಿಯಾಗುತ್ತದಲ್ಲ, ಅದೇ ಬಗೆ. ಡಬ್ಬಿ ಒಮ್ಮೆ ಮುಗಿದರೆ ಮುಗಿಯಿತು. 1970ರ ಏಪ್ರಿಲ್‌ನಲ್ಲಿ ಪೇಚಾಟವಾದದ್ದೂ ಅದಕ್ಕೇ: ಮುಖ್ಯ ನೌಕೆ ಕೆಟ್ಟಿದ್ದರಿಂದ, ಚಂದ್ರನ ಮೇಲಿಳಿಯಲು ಇಬ್ಬರಿಗೆಂದು ಮಾಡಿದ ಚಂದ್ರನೌಕೆಯಲ್ಲಿ ಮೂವರು, ಅದರ ಡಬ್ಬಿಗಳು ದುಂಡಗೆ, ಮುಖ್ಯ ನೌಕೆಯಲ್ಲಿ ಮಿಕ್ಕಿದ್ದ ಡಬ್ಬಿಗಳು ಚೌಕ, ಕೊನೆಗೆ ಪ್ಲಾಸ್ಟಿಕ್ ಚೀಲ, ರಟ್ಟು, ಸೂಟಿನ ಕೊಳವೆ, ಟೇಪು ಎಲ್ಲ ಸೇರಿಸಿ ಚೌಕದ ಡಬ್ಬಿಗೇ ಗಾಳಿ ಹಾಯಿಸಿದರು. ಇದಕ್ಕೆ ‘ಹೀರುಡಬ್ಬಿ’ ಸಾಕು ಅನ್ನಿಸಿತು.

ತೊಡಕು ಶುರುವಾದದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಬಂದಾಗ. ಅಲ್ಲಿ ಅಮೆರಿಕದವರ ಯಂತ್ರದಲ್ಲಿರುವುದು ಜಿಯೊಲೈಟ್ ಎಂಬ ತೂತುತೂತಾದ ಖನಿಜ. ಅನಿಲ ಅದರ ಸಣ್ಣ ಸಣ್ಣ ರಂಧ್ರಗಳ ಒಳಗೋಡೆಗೆ ಅಂಟಿ ಕೂರುತ್ತದೆ ಅಷ್ಟೇ, ಬೇರೆ ವಸ್ತುವಾಗುವುದಿಲ್ಲ. ಬಿಸಿ ಮಾಡಿದರೆ ಬಿಟ್ಟುಕೊಡುತ್ತದೆ. ಒಂದು ಪೆಟ್ಟಿಗೆ ಹಿಡಿಯುತ್ತಿರುವಾಗ ಇನ್ನೊಂದು ಬಿಡುತ್ತಿರುತ್ತದೆ, ಆಮೇಲೆ ಅದಲುಬದಲು. (ಜಿಯೊಲೈಟಿಗೆ ನೀರಿನ ಆಸೆ ಇನ್ನೂ ಜಾಸ್ತಿ, ಹಾಗಾಗಿ ಗಾಳಿಯನ್ನು ಮೊದಲು ಒಣಗಿಸಿಯೇ ಕಳಿಸಬೇಕು.)

ಇದನ್ನೂ ಹೀರುವುದು ಅನ್ನಬಹುದೇ? ಇಂಗ್ಲಿಷಿನವರು ಒಳಕ್ಕೆ ಹೀರುವುದಕ್ಕೆ ಅಬ್ಸಾರ್ಪ್ಷನ್, ಮೈಮೇಲೆ ಅಂಟಿಸಿಕೊಳ್ಳುವುದಕ್ಕೆ ಆಡ್ಸಾರ್ಪ್ಷನ್ ಅಂತ ಒಂದೇ ಅಕ್ಷರದಲ್ಲಿ ಬೇರೆ ಮಾಡಿಬಿಟ್ಟಿದ್ದಾರೆ. ಈ ಎರಡನೆಯದಕ್ಕೆ ನಾನು ‘ಅಧಿಶೋಷಣೆ’ ಅಂತ ಬರೆದರೆ ಮಕ್ಕಳಿಗೆ ಜೀತ, ಬಡ್ಡಿ ನೆನಪಾಗುತ್ತದೆ. ‘ಹೊರಹೀರಿಕೆ’ ಅಂದರೆ ಯಾರೋ ಹೊರಗೆ ನಿಂತು ಸ್ಟ್ರಾ ಹಾಕಿ ಹೀರಿದ ಹಾಗೆ. ‘ಹಿಡಿಕೆ’ ಚೆನ್ನಾಗಿತ್ತು, ಆದರೆ ಅದು ಆಗಲೇ ಕೊಡೆಗೂ ಪೊರಕೆಗೂ ಸೇರಿಹೋಗಿದೆ.

‘ಅಂಟುಹೀರಿಕೆ’ ಹೇಗೆ? ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ತೇವ ಹಿಡಿಯುವುದಕ್ಕೂ ಅದೇ ಪದ ಹೊಂದಬೇಕು. ಕೆಮಿಸ್ಟ್ರಿ ಕಲಿಸುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಪುಸ್ತಕದಲ್ಲಿರುವ ಪದ ಬೇಡ, ಪಾಠ ಮಾಡುವಾಗ ನಿಮ್ಮ ಬಾಯಿಗೆ ಬರುವುದು ಏನು?