ತೆರೆದರೆ ಖಾಲಿ, ಲೆಕ್ಕದಲ್ಲಿ 612 ಜಿಬಿ: ಈ ಹಾರ್ಡ್ ಡಿಸ್ಕಿಗೆ ಏನಾಗಿದೆ?

ಕೇಳಿದವರು, ಹೊನ್ನಾವರ

ನನ್ನ ಹತ್ತಿರ ಒಂದು ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ. ಅಪ್ಪ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದ ತಾಳಮದ್ದಳೆಗಳನ್ನು ಎರಡು ಮಳೆಗಾಲ ಕೂತು ಕಂಪ್ಯೂಟರಿಗೆ ಇಳಿಸಿ ಅದರಲ್ಲಿ ತುಂಬಿಸಿದ್ದೆ. ಮನೆಯ ಫೋಟೊ, ಮದುವೆಯ ವಿಡಿಯೊಗಳೂ ಅದರಲ್ಲೇ. ಕಳೆದ ವಾರ ಪೇಟೆಯ ಒಂದು ಸ್ಟುಡಿಯೊಕ್ಕೆ ಒಯ್ದು ಕೆಲವು ಫೋಟೊ ಮುದ್ರಿಸಿಕೊಂಡು ಬಂದೆ. ಈಗ ಜೋಡಿಸಿದರೆ ದೀಪ ಉರಿಯುತ್ತದೆ, ವಿಂಡೋಸ್ ಗುರುತಿಸುತ್ತದೆ, ಆದರೆ ತೆರೆದರೆ ಡಿಸ್ಕಿನದೇ ಹೆಸರಿನ ಒಂದು ಚಿಹ್ನೆ ಬಿಟ್ಟು ಬೇರೇನೂ ಇಲ್ಲ. ಪ್ರಾಪರ್ಟೀಸ್‌ನಲ್ಲಿ ಮಾತ್ರ 931 ಜಿಬಿಯಲ್ಲಿ 612 ಜಿಬಿ ತುಂಬಿದೆ ಎಂದು ತೋರಿಸುತ್ತದೆ. ಬೇರೆಲ್ಲೂ ಪ್ರತಿ ಇಲ್ಲ. ಬೈಯುವವರು ಬೈಯಿರಿ, ಜೊತೆಗೆ ಉಪಾಯವನ್ನೂ ಹೇಳಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದುರಸ್ತಿ ಅಂಗಡಿ ಇಟ್ಟವರು

612 ಜಿಬಿ ಎಂದು ಇನ್ನೂ ತೋರಿಸುತ್ತಿದ್ದರೆ ಅರ್ಧ ಗೆದ್ದಂತೆಯೇ. ಆ ಚಿಹ್ನೆಯ ಎಡಮೂಲೆಯಲ್ಲಿ ಪುಟ್ಟ ಬಾಣವಿದೆಯೇ ನೋಡಿ. ಗಾತ್ರ ಒಂದೆರಡು ಕೆಬಿ ಇರಬೇಕು. ಹಾಗಿದ್ದರೆ ಇದು ಶಾರ್ಟ್‌ಕಟ್ ವೈರಸ್. ಹತ್ತಾರು ಜನರ ಪೆನ್ ಡ್ರೈವ್ ಹಾಯುವ ಕಂಪ್ಯೂಟರುಗಳಲ್ಲಿ ಇದು ಈಗಲೂ ಸಾಮಾನ್ಯ. ದಯವಿಟ್ಟು ಅದರ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಮಾಡಿದರೆ ಫೈಲ್‌ಗಳು ಕಾಣಿಸುತ್ತವೆ, ಮೋಸ ಇರುವುದೇ ಅಲ್ಲಿ. ಎದುರಿಗೆ ಫೋಲ್ಡರ್ ತೆರೆದು ತೋರಿಸುತ್ತ ಬೆನ್ನ ಹಿಂದೆ ನಿಮ್ಮ ಕಂಪ್ಯೂಟರಿಗೆ ಹತ್ತಿಕೊಳ್ಳುತ್ತದೆ.

ಈ ವೈರಸ್ ಸಾಮಾನ್ಯವಾಗಿ ಏನನ್ನೂ ಅಳಿಸುವುದಿಲ್ಲ. ಹೆಸರಿಲ್ಲದ ಒಂದು ಫೋಲ್ಡರ್ ಮಾಡಿ (ಹೆಸರಿನ ಜಾಗದಲ್ಲಿ ಕಣ್ಣಿಗೆ ಬೀಳದ ಒಂದು ಖಾಲಿ ಅಕ್ಷರ ಇರುತ್ತದೆ) ಎಲ್ಲವನ್ನೂ ಅದರೊಳಗೆ ನೂಕಿ, ಆ ಫೋಲ್ಡರಿಗೆ ‘ಹಿಡನ್’ ಮತ್ತು ‘ಸಿಸ್ಟಂ’ ಎಂಬ ಎರಡು ಮುದ್ರೆ ಒತ್ತುತ್ತದೆ. ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆರಿಸಿದರೂ ಕಾಣುವುದಿಲ್ಲ ಎಂದು ಜನ ಕಂಗಾಲಾಗುವುದು ಈ ಎರಡನೆಯ ಮುದ್ರೆಯಿಂದ. ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ, ಆಪರೇಟಿಂಗ್ ಸಿಸ್ಟಂನ ರಕ್ಷಿತ ಫೈಲ್‌ಗಳನ್ನು ಮರೆಮಾಡುವ ಸಾಲಿನ ಗುರುತನ್ನೂ ತೆಗೆಯಿರಿ. ಮಸುಕಾದ, ಹೆಸರಿಲ್ಲದ ಫೋಲ್ಡರ್ ಒಂದು ಕಾಣಬೇಕು.

ಮುದ್ರೆ ಅಳಿಸಲು ಕಮಾಂಡ್ ಪ್ರಾಂಪ್ಟ್‌ನಲ್ಲಿ (ವಿಂಡೋಸಿಗೆ ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ಕಿಟಕಿ) ‘ಆಟ್ರಿಬ್’ ಆಜ್ಞೆ ಇದೆ. ಅದರ ಮುಂದೆ ಎಚ್, ಆರ್, ಎಸ್ ಅಕ್ಷರಗಳನ್ನು ಒಂದೊಂದಕ್ಕೂ ಮೈನಸ್ ಹಾಕಿ ಬರೆದು, ಓರೆಗೆರೆಯೊಂದಿಗೆ ಎಸ್ ಮತ್ತು ಡಿ ಸೇರಿಸಿ, ಕೊನೆಗೆ ಡಿಸ್ಕಿನ ಅಕ್ಷರ ಕೊಡಬೇಕು (ಡಿಸ್ಕಿನ ಅಕ್ಷರ E ಆದರೆ: attrib -h -r -s /s /d E:\*.*). ಆದರೆ ಮೊದಲು ಕಂಪ್ಯೂಟರಿಗೆ ಆಂಟಿವೈರಸ್ ಓಡಿಸಿ. ಇಲ್ಲದಿದ್ದರೆ ನೀವು ಬಿಚ್ಚುತ್ತಿರುವಾಗಲೇ ಅದು ಮತ್ತೆ ಕಟ್ಟುತ್ತದೆ.

ಅಂದ ಹಾಗೆ, ಒಂದು ಟಿಬಿಯ ಡಿಸ್ಕಿನಲ್ಲಿ 931 ಜಿಬಿ ನೋಡಿ ಗಾಬರಿಯಾಗಬೇಡಿ. ತಯಾರಕರು ಸಾವಿರದಿಂದ ಎಣಿಸುತ್ತಾರೆ, ವಿಂಡೋಸ್ 1024ರಿಂದ ಎಣಿಸುತ್ತದೆ. ಯಾರೂ ಕದ್ದಿಲ್ಲ.

ಮದುವೆ ಫೋಟೊಗ್ರಾಫರ್, ಸಾಗರ

ನನ್ನದು ಬೇರೆ ಕಥೆ. ಫೋಟೊ ಪ್ರತಿಯಾಗುತ್ತಿರುವಾಗ ಕರೆಂಟ್ ಹೋಯಿತು. ಮತ್ತೆ ಜೋಡಿಸಿದಾಗ ಫೋಲ್ಡರ್ ಹೆಸರುಗಳು ಕಾಣುತ್ತಿದ್ದವು, ತೆರೆದರೆ ‘ಹಾಳಾಗಿದೆ, ಓದಲಾಗದು’ ಎಂಬ ಸಂದೇಶ. ಗೆಳೆಯನೊಬ್ಬ ಡಿಸ್ಕಿನ ದೋಷ ಸರಿಪಡಿಸುವ ವಿಂಡೋಸಿನದೇ ಚೆಕ್‌ಡಿಸ್ಕ್ ಓಡಿಸು ಎಂದ. ಓಡಿಸಿದೆ. ಮುಗಿಯುವ ಹೊತ್ತಿಗೆ ಏಳು ಮದುವೆಗಳು ಮಾಯವಾಗಿ ‘ಫೌಂಡ್’ ಎಂಬ ಒಂದೇ ಫೋಲ್ಡರಿನಲ್ಲಿ ಸಿಎಚ್‌ಕೆ ಬಾಲದ ಸಾವಿರಾರು ಫೈಲ್‌ಗಳು ರಾಶಿ ಬಿದ್ದಿದ್ದವು. ಬಾಲ ಬದಲಾಯಿಸಿ ಜೆಪೆಗ್ ಎಂದು ಮಾಡಿದರೆ ಕೆಲವು ತೆರೆದುಕೊಂಡವು. ಉಳಿದವನ್ನು ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಹೆಕ್ಕಿ ಕೊಟ್ಟಿತು. ಅದು ಹೆಸರಿನ ಪಟ್ಟಿ ನೋಡದೆ ಫೈಲಿನೊಳಗಿನ ಗುರುತುಗಳನ್ನು ನೋಡಿಯೇ ಹುಡುಕುವುದರಿಂದ ಹಳೆಯ ಹೆಸರು ಒಂದೂ ಉಳಿಯಲಿಲ್ಲ. ಯಾರ ಧಾರೆ, ಯಾರ ಆರತಕ್ಷತೆ ಎಂದು ಸೀರೆಯ ಬಣ್ಣ ನೋಡಿ ಬೇರೆ ಮಾಡುತ್ತ ಹದಿನೈದು ದಿನ ಕೂತೆ. ಫೋಟೊದೊಳಗೇ ತಾರೀಖು ಅಡಗಿರುತ್ತದೆ ಎಂಬುದು ಹೊಳೆದದ್ದು ಹನ್ನೆರಡನೆಯ ದಿನ.

‘ಫಾರ್ಮ್ಯಾಟ್ ಮಾಡಲೇ?’ ಎಂದು ವಿಂಡೋಸ್ ಕೇಳಿದರೂ ಬೇಡ ಎನ್ನಿ. ಟೆಸ್ಟ್‌ಡಿಸ್ಕ್ ಎಂಬ ಇನ್ನೊಂದು ತಂತ್ರಾಂಶ ಮೊದಲು ಸಿಕ್ಕಿದ್ದರ ಪಟ್ಟಿ ತೋರಿಸುತ್ತದೆ, ಬರೆ ಎಂದು ನೀವು ಹೇಳುವವರೆಗೆ ಡಿಸ್ಕನ್ನು ಮುಟ್ಟುವುದಿಲ್ಲ. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಉಳಿಸಬೇಡಿ.

ಎಸ್.ಪಿ. ರಸ್ತೆಯವರು ಮತ್ತೆ

ಚೆಕ್‌ಡಿಸ್ಕ್ ಅನ್ನು ಅಷ್ಟು ಹಳಿಯಬೇಡಿ. ಅದರ ಕೆಲಸ ಡಿಸ್ಕಿನ ಲೆಕ್ಕಪುಸ್ತಕವನ್ನು ಸರಿಹೊಂದಿಸುವುದು, ನಿಮ್ಮ ಫೋಟೊ ಕಾಯುವುದಲ್ಲ. ಮೊದಲು ಪ್ರತಿ ತೆಗೆದುಕೊಂಡು ಆಮೇಲೆ ಓಡಿಸಿದರೆ ತೊಂದರೆಯಿಲ್ಲ. ನಿಮ್ಮಲ್ಲಿ ಹಿಂದುಮುಂದಾಯಿತು.

ತುಮಕೂರಿನಿಂದ

ಕೇಬಲ್ ಬದಲಾಯಿಸಿ ನೋಡಿ. ಆ ಚಪ್ಪಟೆ ಅಗಲ ಮೂತಿಯ ಕೇಬಲ್ ಬೇಗ ಸಡಿಲವಾಗುತ್ತದೆ. ಹಳೆಯ ಯುಎಸ್‌ಬಿ ಕಿಂಡಿ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3 ಕೊಡುವುದು 900. ಒಂದು ಕಿಂಡಿಯನ್ನು ಹಲವಾಗಿ ಹಂಚುವ ಹಬ್‌ಗೆ ಸಿಕ್ಕಿಸಿದ ಡಿಸ್ಕ್ ಕರೆಂಟ್ ಸಾಲದೆ ದೀಪ ಹಚ್ಚಿಕೊಂಡು ತಿರುಗದೆ ಕೂತದ್ದನ್ನು ನಾನೇ ಕಂಡಿದ್ದೇನೆ.

ಉಪನ್ಯಾಸಕಿ, ಧಾರವಾಡ

ಟಕ್, ಟಕ್ ಎಂದು ಒಂದೇ ಲಯದ ಸದ್ದು ಬಂದರೆ ಮೇಲಿನ ಯಾವ ಉಪಾಯವೂ ಬೇಡ, ತಂತಿ ಕಿತ್ತುಬಿಡಿ. ನನ್ನ ಡಿಸ್ಕ್ ಮೇಜಿನಿಂದ ಬಿದ್ದಿತ್ತು. ಯಾರೋ ಫ್ರೀಜರಿನಲ್ಲಿಡಿ ಎಂದರು, ಇಟ್ಟೆ. ತೆಗೆದಾಗ ಮೈತುಂಬ ಬೆವರು. ಆಮೇಲೆ ಅಣ್ಣನ ಮಗ ಸ್ಕ್ರೂ ಬಿಚ್ಚಿ ಒಳಗೆ ನೋಡಿದ. ಓದುವ ಮೊನೆ ತಟ್ಟೆಯ ಮೇಲೆ ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತದಂತೆ, ಅದಕ್ಕೆ ನಮ್ಮ ಮನೆಯ ಧೂಳಿನ ಕಣವೇ ಬಂಡೆ. ದತ್ತಾಂಶ ಮರಳಿ ತೆಗೆಯುವ ಪ್ರಯೋಗಾಲಯದವರು ಡಿಸ್ಕಿನ ಬೆಲೆಯ ಹಲವು ಪಟ್ಟು ಹೇಳಿ, ‘ಬಿಚ್ಚದೆ ತಂದಿದ್ದರೆ ಭರವಸೆ ಕೊಡುತ್ತಿದ್ದೆವು’ ಎಂದರು. ಪಿಎಚ್‌.ಡಿ.ಯ ಎರಡು ಅಧ್ಯಾಯಗಳನ್ನು ಮತ್ತೆ ಬರೆದೆ.

ನ್ಯೂಜೆರ್ಸಿಯಿಂದ

ಡಿಸ್ಕನ್ನು ಮ್ಯಾಕ್ ಕಂಪ್ಯೂಟರಿನದೇ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ್ದರೂ ವಿಂಡೋಸಿಗೆ ಏನೂ ಕಾಣದು. ನಿಮ್ಮದು ಅದಲ್ಲ. ಆದರೂ ಒಂದು ಮಾತು: ವಿಂಡೋಸಿನ ಬದಲು ಬಳಸಬಹುದಾದ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದ ಪೆನ್ ಡ್ರೈವಿನಿಂದ ಕಂಪ್ಯೂಟರ್ ಆರಂಭಿಸಿ ನೋಡಿ. ವಿಂಡೋಸಿನ ಆ ಮುದ್ರೆಗಳಿಗೆ ಅದು ಬೆಲೆ ಕೊಡುವುದಿಲ್ಲ, ವಿಂಡೋಸ್ ವೈರಸ್ಸಿಗೆ ಅಲ್ಲಿ ಕೆಲಸವೂ ಇಲ್ಲ.

ಕೇಳಿದವರು

ಎಲ್ಲರಿಗೂ ಉತ್ತರಿಸಲು ತಡವಾಯಿತು. ಬಾಣವಿತ್ತು. ಕ್ಲಿಕ್ ಮಾಡಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಎರಡು ಸಲ ಮಾಡಿದ್ದೆ. ಹಾಗಾಗಿ ವಿಂಡೋಸನ್ನು ನಂಬದೆ ಪಕ್ಕದ ಮನೆಯ ಹುಡುಗನಿಂದ ಉಬುಂಟು ಪೆನ್ ಡ್ರೈವ್ ಮಾಡಿಸಿಕೊಂಡೆ. ಡಿಸ್ಕ್ ತೆರೆದ ಕೂಡಲೇ ಹೆಸರಿಲ್ಲದ ಫೋಲ್ಡರ್ ಕಂಡಿತು, ಅದರೊಳಗೆ ಎಲ್ಲವೂ ಇಟ್ಟ ಹಾಗೆಯೇ ಇತ್ತು. ಹೊಸ ಡಿಸ್ಕ್ ತಂದು ಪ್ರತಿ ಮಾಡಿದೆ. ಹಳೆಯ ಲ್ಯಾಪ್‌ಟಾಪಿನ ಯುಎಸ್‌ಬಿ 2 ಕಿಂಡಿಯಲ್ಲಿ ಆರು ಗಂಟೆ ಹಿಡಿಯಿತು. ಮೂರು ವಿಡಿಯೊಗಳು ಅರ್ಧದಲ್ಲಿ ನಿಲ್ಲುತ್ತವೆ, ಅವು ಮೊದಲೇ ಹಾಗಿದ್ದವೋ ಏನೋ. ಈಗ ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕುತ್ತಿದ್ದೇನೆ. ಸ್ಟುಡಿಯೊದವರಿಗೂ ಫೋನ್ ಮಾಡಿ ಹೇಳಿದೆ. ‘ನಮ್ಮಲ್ಲಿ ವೈರಸ್ ಇಲ್ಲ ಸರ್, ಶಾರ್ಟ್‌ಕಟ್ ಮಾತ್ರ ಬರುತ್ತದೆ’ ಎಂದರು.